ಮಾರಾಟಕ್ಕಿದೆ: ಒಂದು ಕುದುರೆ ಲಾಯ

ಯುವಜನರ ಆರಾಧನೆ. ವಾಕ್ಯಭಾಗ: ಯೆಶಾಯ 5:8-9, 1 ಅರಸು 21:1-16

ಕೂತ್ಕೊಳ್ಳಿ. ಬೈಬಲ್ ತಂದಿರೋರು ಯೆಶಾಯ 5 ತೆಗೆದಿಟ್ಕೊಳ್ಳಿ. ಫೋನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಮುಚ್ಚಿ. ವಾಕ್ಯಕ್ಕೆ ಹೋಗೋ ಮುಂಚೆ ಒಂದು ಮನೆಯ ವಿಷಯ ಹೇಳಬೇಕು.

ಮೂರು ವಾರದ ಹಿಂದೆ ಒಬ್ಬ ಸಹೋದರ ನನಗೊಂದು ಲಿಂಕ್ ಕಳಿಸಿದ. ಹಳಬರಿಗೆ ಗೊತ್ತು, ಇದೇ ವೇದಿಕೆ ಮೇಲೆ ಕೀಬೋರ್ಡ್ ನುಡಿಸ್ತಿದ್ದ ಹುಡುಗ. ಈಗ ಹೆಂಡತಿ, ಇಬ್ಬರು ಮಕ್ಕಳ ಜೊತೆ ಇಂಗ್ಲೆಂಡಿನಲ್ಲಿದ್ದಾನೆ. ಅವನನ್ನ ಕೇಳಿಯೇ ಹೇಳ್ತಿದ್ದೀನಿ, ಹೆಸರು ಬೇಡ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರಿಗೆ ಒಂದು ಮನೆ ಇದೆ. ಈ ಲಿಂಕ್ ಎರಡನೇ ಮನೆಯದ್ದು. ಕಾಟ್ಸ್‌ವೋಲ್ಡ್ಸ್ ಅಂತಾರೆ, ಆಕ್ಸ್‌ಫರ್ಡಿನ ಪಶ್ಚಿಮಕ್ಕಿರೋ ಗುಡ್ಡದ ಸೀಮೆ. ಅಲ್ಲಿಯ ಸುಣ್ಣಕಲ್ಲಿಗೆ ಜೇನಿನ ಬಣ್ಣ. ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡವನ್ನ ಮನೆ ಮಾಡಿ ಮಾರಾಟಕ್ಕಿಟ್ಟಿದ್ದಾರೆ. ಕೆಳಗೆ ಅವನ ಮೆಸೇಜು: “ಪಾಸ್ಟರ್, ಇದನ್ನ ವಿಶ್ವಾಸದಿಂದ ಕ್ಲೇಮ್ ಮಾಡಿದ್ದೀವಿ. ನೀವೂ ಒಮ್ಮನಸ್ಸಾಗಿ ಪ್ರಾರ್ಥಿಸಿ.”

ಫೋಟೋ ನೋಡಿದೆ. ಸುಳ್ಳು ಹೇಳಲ್ಲ, ರಾತ್ರಿ ಹನ್ನೊಂದು ಗಂಟೆವರೆಗೂ ನೋಡಿದೆ. ಬಾಗಿಲು ಅಡ್ಡಕ್ಕೆ ಎರಡು ಭಾಗ. ಮೇಲಿನ ಅರ್ಧ ತೆರೆದರೆ ಕುದುರೆ ತಲೆ ಹೊರಗೆ ಹಾಕಬಹುದು, ಕೆಳಗಿನ ಅರ್ಧ ಮುಚ್ಚೇ ಇರುತ್ತೆ. ನೆಲಕ್ಕೆ ಗೊರಸು ಜಾರದ ಹಾಗೆ ಗೀರು ಹಾಕಿದ ಗಟ್ಟಿ ಇಟ್ಟಿಗೆ. ಗೋಡೆಯಲ್ಲಿ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆ ಹಾಗೇ ಇದೆ, ಈಗ ಅದರಲ್ಲಿ ಟವೆಲ್ ನೇತಾಡ್ತಿದೆ. ಮೇಲೆ ಹುಲ್ಲಿನ ಅಟ್ಟ. ಅಲ್ಲಿಂದ ಒಂದು ಕಿಂಡಿಯ ಮೂಲಕ ಹುಲ್ಲನ್ನ ಕೆಳಗೆ ತಳ್ಳುತ್ತಿದ್ದರು. ಇಂಥ ಅಟ್ಟಗಳ ಪಕ್ಕದಲ್ಲೇ ಕುದುರೆ ನೋಡಿಕೊಳ್ಳುವ ಆಳು ಮಲಗುತ್ತಿದ್ದದ್ದೂ ಉಂಟು. ಅಂಥ ಕೋಣೆಗೆ ಈಗ ‘ಮಾಸ್ಟರ್ ಬೆಡ್‌ರೂಮ್’ ಅಂತ ಹೆಸರು. ಬೆಲೆಯನ್ನ ಪೌಂಡಿನಿಂದ ರೂಪಾಯಿಗೆ ತಿರುಗಿಸಿ ನೋಡಿ ಫೋನ್ ಕೆಳಗಿಟ್ಟೆ.

ಇಂಥ ಕಟ್ಟಡಗಳು ಮನೆಯಾಗೋದು ಸುಲಭ ಅಲ್ಲ. ಹೊಲದ ಕೊಟ್ಟಿಗೆ, ಕಣಜಗಳನ್ನ ಮನೆ ಮಾಡೋಕೆ ಇಂಗ್ಲೆಂಡಿನಲ್ಲಿ 2014ರಿಂದ ಒಂದು ಸರಳ ನಿಯಮ ಇದೆ. ಆದರೆ ಸವಾರಿ ಕುದುರೆಯ ಲಾಯ ಸಾಮಾನ್ಯವಾಗಿ ಕೃಷಿ ಅನ್ನೋ ಲೆಕ್ಕಕ್ಕೆ ಬರಲ್ಲ, ಪೂರ್ತಿ ಅನುಮತಿಯನ್ನೇ ಪಡೀಬೇಕು. ಕಟ್ಟಡ ಐತಿಹಾಸಿಕ ಪಟ್ಟಿಯಲ್ಲಿದ್ದರೆ ಒಪ್ಪಿಗೆ ಇಲ್ಲದೆ ಅದರ ಸ್ವರೂಪ ಕೆಡಿಸಿದರೆ ಅದು ಕ್ರಿಮಿನಲ್ ಅಪರಾಧ. ಅಟ್ಟದಲ್ಲಿ ಬಾವಲಿ ಇದ್ದರೆ 1981ರ ವನ್ಯಜೀವಿ ಕಾನೂನು ಅಡ್ಡ ಬರುತ್ತೆ. ಇದನ್ನ ಓದಿ ನನಗೆ ಸಂತೋಷವೇ ಆಯ್ತು. ನಮ್ಮೂರಲ್ಲಿ ಕೆರೆಯನ್ನೇ ಲೇಔಟ್ ಮಾಡಿದವರು ನಾವು.

ಪ್ರಸಂಗಿಗಳಿಗೆ ಇಂಥ ಉದಾಹರಣೆ ಸಿಕ್ಕರೆ ಹಬ್ಬ. ಹಳೆಯದು ಹೋಯಿತು, ಲಾಯ ಮನೆಯಾಯಿತು, ನೀನೂ ನೂತನ ಸೃಷ್ಟಿ, ಹಲ್ಲೆಲೂಯಾ, ಕಾಣಿಕೆ ತೆಗೆಯೋಣ. ಹತ್ತು ನಿಮಿಷದ ಕೆಲಸ. ಅವನೂ ಅದಕ್ಕೇ ಕಾಯ್ತಿದ್ದ ಅನ್ಸುತ್ತೆ. “ಯೇಸು ಹುಟ್ಟಿದ್ದೂ ಲಾಯದಲ್ಲೇ ಅಲ್ವಾ ಪಾಸ್ಟರ್, ಇದೊಂದು ಗುರುತು” ಅಂತ ಇನ್ನೊಂದು ಮೆಸೇಜ್ ಹಾಕಿದ್ದ.

ಅಲ್ಲಿ ಸ್ವಲ್ಪ ನಿಲ್ಲೋಣ. ಲೂಕ 2:7ರಲ್ಲಿ ಲಾಯ ಅನ್ನೋ ಮಾತೇ ಇಲ್ಲ. ಇರೋದು ಗೋದಲಿ ಮಾತ್ರ. ನಾವು ಛತ್ರ ಅಂತ ಓದೋ ಜಾಗದಲ್ಲಿ ಗ್ರೀಕಿನಲ್ಲಿರೋ ಪದ ‘ಕಟಲುಮ’. ಲೂಕ 22:11ರಲ್ಲಿ ಕರ್ತನು ಶಿಷ್ಯರ ಜೊತೆ ಪಸ್ಕದ ಊಟ ಮಾಡಿದ ಅತಿಥಿ ಕೋಣೆಗೂ ಅದೇ ಪದ. ಒಳ್ಳೇ ಸಮಾರ್ಯದವನು ಗಾಯಾಳುವನ್ನ ಕರೆದುಕೊಂಡು ಹೋದ ಛತ್ರಕ್ಕೆ ಲೂಕನು ಬಳಸಿರೋ ಪದ ಬೇರೆ. ಹಾಗಾಗಿ ಯಾರದೋ ಮನೆಯ ಅತಿಥಿ ಕೋಣೆ ತುಂಬಿತ್ತು, ಮಗುವನ್ನ ಮನೆಮಂದಿ ಮತ್ತು ದನ ಕೂಡಿ ಇರೋ ಕೆಳಗಿನ ಭಾಗದಲ್ಲಿ ಮಲಗಿಸಿದರು ಅಂತ ಅನೇಕ ಪಂಡಿತರು ಓದ್ತಾರೆ. ನನಗೂ ಅದೇ ಸರಿ ಅನ್ಸುತ್ತೆ. ಬಯಲುಸೀಮೆಯ ಅಜ್ಜಿ ಮನೆ ನೋಡಿರೋರಿಗೆ ಇದು ವಿಚಿತ್ರ ಅಲ್ಲ. ತಲೆಬಾಗಿಲು ದಾಟಿದರೆ ಒಂದು ಪಕ್ಕ ಎತ್ತು, ಒಂದು ಮೆಟ್ಟಿಲು ಮೇಲೆ ನಾವು. ರಾತ್ರಿ ದನದ ಉಸಿರು ಕೇಳಿಸ್ತಿತ್ತು.

ಅಂದರೆ ನಮ್ಮ ಕರ್ತನು ಹುಟ್ಟಿದ್ದು ಜನರಿಂದ ದೂರದ ಒಂಟಿ ಲಾಯದಲ್ಲಿ ಅಲ್ಲ, ಜಾಗವೇ ಇಲ್ಲದಷ್ಟು ಜನ ತುಂಬಿದ ಮನೆಯಲ್ಲಿ. ಈ ಮಾತು ಮನಸ್ಸಿನಲ್ಲಿರಲಿ.

ಈಗ ನಿಜವಾದ ಪ್ರಶ್ನೆ. ನಾನು ಅವನಿಗೆ ಫೋನ್ ಮಾಡಿ ಕೇಳಿದೆ, “ಅಲ್ಲಿ ವಾಸ ಮಾಡ್ತೀರಾ?” “ವೀಕೆಂಡ್ ಹೋಗ್ತೀವಿ ಪಾಸ್ಟರ್. ಬೇಸಿಗೆಯಲ್ಲಿ ಟೂರಿಸ್ಟುಗಳಿಗೆ ಕೊಡ್ತೀವಿ, ಉಳಿದ ದಿನ ಹಾಗೇ ಇರುತ್ತೆ.” ಆ ಊರಿನ ಹುಡುಗರಿಗೆ ಅಲ್ಲಿ ಮನೆ ಸಿಗುತ್ತಾ ಅಂತ ಕೇಳಿದೆ. ಅವನು ಸಿಟ್ಟಾಗಲಿಲ್ಲ, ಆದರೆ ಮಾತು ಗಟ್ಟಿಯಾಗಿತ್ತು: “ಪಾಸ್ಟರ್, ನಾನು ಯಾರನ್ನೂ ಹೊರಗೆ ಹಾಕ್ತಿಲ್ಲ. ಅಲ್ಲಿ ಇದ್ದದ್ದು ಕುದುರೆ. ದುಡಿದ ದುಡ್ಡು, ಟ್ಯಾಕ್ಸ್ ಕಟ್ಟಿದ ದುಡ್ಡು. ಮಾರೋರಿಗೂ ಖುಷಿ. ಇದರಲ್ಲಿ ಪಾಪ ಎಲ್ಲಿದೆ?”

ನನಗೆ ಕೂಡಲೇ ಉತ್ತರ ಬರಲಿಲ್ಲ. ಅವನ ವಾದ ಹುರುಳಿಲ್ಲದ್ದಲ್ಲ. ಯಾರೋ ಕೊಂಡು ದುರಸ್ತಿ ಮಾಡದಿದ್ದರೆ ಇಂಥ ಎಷ್ಟೋ ಲಾಯಗಳು ಕುಸಿದುಹೋಗ್ತಿದ್ದವು. 1914ರಲ್ಲಿ ಯುದ್ಧಕ್ಕೆ ಅಂತ ಸೈನ್ಯದವರು ಊರೂರಿನ ಕುದುರೆಗಳನ್ನ ತಗೊಂಡು ಹೋದರು, ಆಮೇಲೆ ಕಾರು, ಟ್ರ್ಯಾಕ್ಟರು ಬಂತು, ಲಾಯಗಳು ಖಾಲಿ ಬಿದ್ದವು. ಖಾಲಿ ಬಿದ್ದದ್ದನ್ನ ಚೆಂದ ಮಾಡಿದವನು ಕಳ್ಳನಲ್ಲ.

ಆದರೆ ಬೋರ್‌ವೆಲ್ ನೆನಪಿಸಿಕೊಳ್ಳಿ. ನಮ್ಮ ಏರಿಯಾದಲ್ಲಿ ಒಬ್ಬೊಬ್ಬರೂ ತಮ್ಮ ಸೈಟಿನಲ್ಲಿ, ತಮ್ಮ ದುಡ್ಡಿನಲ್ಲಿ ಕೊರೆಸಿದರು. ಯಾರೂ ಯಾರ ನೀರನ್ನೂ ಕದಿಯಲಿಲ್ಲ. ಹತ್ತು ವರ್ಷ ಆದ ಮೇಲೆ ಎಲ್ಲರ ಪೈಪಲ್ಲೂ ಗಾಳಿ. ಯಾರೂ ತಪ್ಪು ಮಾಡದೆ ಒಂದು ಬೀದಿ ಒಣಗಿತು. ಈಗ ಹೇಳಿ, ಆ ಪಾಪವನ್ನ ಯಾರ ತಲೆ ಮೇಲೆ ಹಾಕೋಣ?

ಇಂಗ್ಲೆಂಡಿನ ಚೆಂದದ ಹಳ್ಳಿಗಳಲ್ಲಿ ಆಗ್ತಿರೋದು ಇದೇ ಜಾತಿಯದ್ದು. ಒಂದು ವೀಕೆಂಡ್ ಮನೆಯಿಂದ ಏನೂ ಆಗಲ್ಲ. ಅರ್ಧ ಬೀದಿ ವೀಕೆಂಡ್ ಮನೆಯಾದರೆ ಚಳಿಗಾಲದ ಮಂಗಳವಾರ ಸಂಜೆ ದೀಪವಿರಲ್ಲ. ಶಾಲೆಗೆ ಮಕ್ಕಳಿರಲ್ಲ, ಅಂಗಡಿಗೆ ಗಿರಾಕಿ ಇರಲ್ಲ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಅನ್ನೋ ಕಡಲೂರಿನ ಜನ 2016ರಲ್ಲಿ ವೋಟು ಹಾಕಿ, ಊರಲ್ಲಿ ಹೊಸದಾಗಿ ಕಟ್ಟೋ ಮನೆ ವರ್ಷವಿಡೀ ವಾಸ ಮಾಡೋರಿಗೇ ಅಂತ ತೀರ್ಮಾನ ಮಾಡಿದರು. ಏಪ್ರಿಲ್ 2025ರಿಂದ ಅಲ್ಲಿಯ ಸ್ಥಳೀಯ ಕೌನ್ಸಿಲ್‌ಗಳು ಎರಡನೇ ಮನೆಗೆ ತೆರಿಗೆಯನ್ನ ಎರಡರಷ್ಟು ಮಾಡಬಹುದು. ದೇವರ ಹೆಸರು ಹೇಳದ ಜನರೂ ಇದರಲ್ಲಿ ಏನೋ ಸರಿಯಿಲ್ಲ ಅಂತ ಕಂಡುಕೊಂಡಿದ್ದಾರೆ.

ಯೆಶಾಯ 5:8 ನೋಡಿ. ಮನೆಗೆ ಮನೆ, ಹೊಲಕ್ಕೆ ಹೊಲ ಕೂಡಿಸಿ ಜಾಗವೇ ಉಳಿಯದ ಹಾಗೆ ಮಾಡೋರ ಗತಿಯನ್ನ ಪ್ರವಾದಿ ಹೇಳ್ತಾನೆ. ಈ ವಚನದಲ್ಲಿ ಅವರು ಕದ್ದರು ಅಂತ ಇಲ್ಲ, ಪತ್ರ ಸುಳ್ಳು ಅಂತಲೂ ಇಲ್ಲ. ಕೊನೆಗೆ ದೇಶದ ನಡುವೆ ನೀವೊಬ್ಬರೇ ಉಳೀತೀರಿ ಅಂತಾನೆ. ಅದೇ ಶಿಕ್ಷೆ! ಬಯಸಿದ್ದು ಸಿಕ್ಕಿತು, ಪಕ್ಕದ ಮನೆಯವರು ಇಲ್ಲ. ಮುಂದಿನ ವಚನದಲ್ಲಿ ದೊಡ್ಡ ಚೆಂದದ ಮನೆಗಳು ವಾಸಿಸೋರಿಲ್ಲದೆ ಹಾಳು ಬೀಳುತ್ತವೆ.

ಅಹಾಬನ ಕಥೆಯನ್ನೂ ನಾವು ಅವಸರದಲ್ಲಿ ಓದ್ತೀವಿ. ನಾಬೋತನ ಕೊಲೆ ಎಲ್ಲರಿಗೂ ನೆನಪಿದೆ. ಅದಕ್ಕೆ ಮುಂಚೆ ಅಹಾಬ ಏನು ಮಾಡಿದ? ಮರ್ಯಾದೆಯಿಂದ ಕೇಳಿದ. ಇದಕ್ಕಿಂತ ಒಳ್ಳೇ ತೋಟ ಕೊಡ್ತೀನಿ, ಬೇಡವಾದರೆ ಬೆಲೆ ಕೊಡ್ತೀನಿ ಅಂದ. ಇವತ್ತಿನ ಬ್ರೋಕರ್‌ಗಿಂತ ಸಭ್ಯ. ಅವನ ಕಣ್ಣಿಗೆ ಕಾಣದೇ ಹೋದದ್ದು ಒಂದೇ: ನಾಬೋತನಿಗೆ ಅದು ಪಿತ್ರಾರ್ಜಿತ, ಅವನ ಹೆಸರು ಬೇರೂರಿದ ನೆಲ. ಅಹಾಬನಿಗೆ ಅರಮನೆ ಪಕ್ಕದ ಕಾಯಿಪಲ್ಯದ ತೋಟ. ನ್ಯಾಯವಾದ ಬೆಲೆ ಕೊಟ್ಟ ಮಾತ್ರಕ್ಕೆ ಎದುರಿನ ಮನುಷ್ಯನನ್ನ ನೋಡಿದ ಹಾಗಾಗಲ್ಲ.

ಹಾಗಾದರೆ ಪರದೇಶದಲ್ಲಿ ವಿಶ್ವಾಸಿ ಮನೆ ಕೊಳ್ಳಬಾರದಾ? ಹಾಗಲ್ಲ. ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಯೆರೆಮೀಯ 29ರಲ್ಲಿ ದೇವರೇ ಮನೆ ಕಟ್ಟಿ ಅಂತಾನೆ. ಆದರೆ ಕಟ್ಟಿ ಅದರಲ್ಲಿ ವಾಸ ಮಾಡಿ ಅಂತಾನೆ, ಮಕ್ಕಳನ್ನ ಬೆಳೆಸಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ ಅಂತಾನೆ. ಬಾಡಿಗೆಗೆ ಕೊಡೋದೂ ಪಾಪ ಅಲ್ಲ, ನಮ್ಮಲ್ಲಿ ಅರ್ಧ ಜನ ಬಾಡಿಗೆ ಮನೆಯಲ್ಲೇ ಇದ್ದೀವಿ, ಕೊಡೋರು ಬೇಕು. ನನ್ನನ್ನ ಕಾಡೋದು ಯಾರೂ ಇರದ ಮನೆ.

ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. ‘ಕ್ಲೇಮ್’ ಅನ್ನೋ ಪದವನ್ನ ಆ ಹುಡುಗ ಕಲಿತದ್ದು ನನ್ನಿಂದಲೇ. ಹನ್ನೆರಡು ವರ್ಷದ ಹಿಂದೆ ಇದೇ ಸಭೆಯ ಒಂದು ಕುಟುಂಬ ಅಪಾರ್ಟ್‌ಮೆಂಟಿನ ಬ್ರೋಷರ್ ತಂದಿತ್ತು. ನಾನು ಅದರ ಮೇಲೆ ಕೈಯಿಟ್ಟು, ಇದು ನಿಮ್ಮದು ಅಂತ ಪ್ರವಾದಿಸಿದೆ. ಎಲ್ಲರೂ ಆಮೆನ್ ಅಂದ್ರಿ. ಆ ಕಟ್ಟಡ ವರ್ಷಗಟ್ಟಲೆ ಮುಗೀಲಿಲ್ಲ. ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಇಎಂಐ ಕಟ್ಟಿ ಅವರು ಸೋತರು, ಸಭೆಗೆ ಬರೋದನ್ನ ನಿಲ್ಲಿಸಿದರು. ನಾನು ಹೋಗಿ ಕ್ಷಮೆ ಕೇಳಿದ್ದು ಬಹಳ ತಡವಾಗಿ. ಅವತ್ತು ನಾನು ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅದಕ್ಕೇ ಈ ಸಲ ಅವನಿಗೆ ಹೇಳಿದೆ: “ನಾನು ಪ್ರಾರ್ಥಿಸ್ತೀನಿ ಮಗನೇ, ಆದರೆ ಕ್ಲೇಮ್ ಮಾಡಲ್ಲ. ನೀನು ಮನೆ ನೋಡೋಕೆ ಹೋಗೋದು ಭಾನುವಾರ ಇರಲಿ. ಮೊದಲು ಆ ಊರಿನ ಚರ್ಚಿಗೆ ಹೋಗು. ಆ ಜನರ ಜೊತೆ ಕೂತು ಒಂದು ಕಪ್ ಟೀ ಕುಡಿ. ಆಮೇಲೆ ಲಾಯ ನೋಡು.”

ಹೋದ ವಾರ ಹೋಗಿದ್ದ. ಆ ಚರ್ಚಿನಲ್ಲಿ ತಿಂಗಳಿಗೆ ಒಂದೇ ಆರಾಧನೆಯಂತೆ, ಒಬ್ಬರೇ ಪಾದ್ರಿ ಸುತ್ತಿನ ಹಲವು ಹಳ್ಳಿಗಳನ್ನ ನೋಡಿಕೊಳ್ತಾರೆ. ಪುಣ್ಯಕ್ಕೆ ಅವತ್ತೇ ಆ ಭಾನುವಾರ. ಒಂಬತ್ತು ಜನ ಇದ್ದರು, ಇವರು ನಾಲ್ಕು ಸೇರಿ ಹದಿಮೂರು. ಆರ್ಗನ್ ನುಡಿಸೋ ಅಜ್ಜಿಗೆ ಕೈ ನಡುಗುತ್ತೆ, ಹಾಡು ನಿಧಾನ. ಇವನು ಕೀಬೋರ್ಡ್ ನುಡಿಸೋನು ಅಂತ ಗೊತ್ತಾದ ಕೂಡಲೇ ಅವರು ಕೇಳಿದ್ದು ಒಂದೇ ಮಾತು: “ಮುಂದಿನ ತಿಂಗಳೂ ಬರ್ತೀಯಾ?”

ಆಮೇಲೆ ಲಾಯವನ್ನೂ ನೋಡಿದ. ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದೆ ಅಂದ. ಏನು ತೀರ್ಮಾನ ಮಾಡಿದೆ ಅಂತ ನಾನು ಕೇಳಲಿಲ್ಲ. ಮಕ್ಕಳ ಸ್ಕೂಲನ್ನ ಅಲ್ಲಿಗೆ ಬದಲಾಯಿಸೋಕೆ ಆಗುತ್ತಾ ಅಂತ ಹೆಂಡತಿ ವಿಚಾರಿಸ್ತಿದ್ದಾಳೆ, ಅವನಿಗೆ ಮನಸ್ಸಿಲ್ಲ, ಅದರ ಬಗ್ಗೆ ಇಬ್ಬರಿಗೂ ಸ್ವಲ್ಪ ಮಾತಾಗಿದೆ. ನಿನ್ನೆ ರಾತ್ರಿ ಲಿಂಕ್ ತೆರೆದು ನೋಡಿದೆ, ಮನೆ ಇನ್ನೂ ಮಾರಾಟಕ್ಕಿದೆ.

ಎದ್ದು ನಿಲ್ಲಿ. ಆ ನಾಲ್ಕು ಜನರಿಗಾಗಿ, ಆ ಒಂಬತ್ತು ಜನರಿಗಾಗಿ ಪ್ರಾರ್ಥಿಸೋಣ.