ತಾನಾಗಿ ಏಳದ್ದು

ಹೇಳದೆ ಮಾಡುವವನು ಉತ್ತಮ, ಹೇಳಿದ ಮೇಲೆ ಮಾಡುವವನು ಮಧ್ಯಮ, ಹೇಳಿದರೂ ಮಾಡದವನು ಅಧಮ. 27 ವರ್ಷಗಳಿಂದ ಈ ಮಾತನ್ನು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದರಲ್ಲಿ ಸಂದೇಹಪಡುವಂಥದ್ದೇನಾದರೂ ಇದೆಯೆಂದು ನನಗೆ ಅನ್ನಿಸಿರಲಿಲ್ಲ. ಸಂದೇಹವನ್ನು ಹುಟ್ಟಿಸಿದ್ದು ಯಾವ ಗ್ರಂಥವೂ ಅಲ್ಲ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಗುಂಯ್‌ಗುಡುವ ಒಂದು ಸರ್ವರ್.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಸಮಾಜ ವಿಜ್ಞಾನ. ಆ ಕೋಣೆಯ ಬೀಗದ ಕೈ ನನ್ನ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪದ ಕಾರಣಕ್ಕೆ. 12 ಕಂಪ್ಯೂಟರುಗಳಿಗೆ ಪಾಠ, ಪ್ರಶ್ನೆಪತ್ರಿಕೆ ಒದಗಿಸುವ ಒಂದು ಪ್ರೋಗ್ರಾಮ್ ಆ ಸರ್ವರಿನಲ್ಲಿದೆ. ನಮ್ಮದು ಮಲೆನಾಡು, ಮಳೆಗಾಲದಲ್ಲಿ ಕರೆಂಟು ಬಂದರೆ ಬಂತು. ಕರೆಂಟು ಬಂದೊಡನೆ ಸರ್ವರೇನೋ ತಾನೇ ಏಳುತ್ತಿತ್ತು, ಆದರೆ ಆ ಪ್ರೋಗ್ರಾಮ್ ಏಳುತ್ತಿರಲಿಲ್ಲ. ನಾನು ಹೋಗಿ ಒಂದು ಸಾಲು ಟೈಪು ಮಾಡಿದರೆ ಮರುಕ್ಷಣ ಶುರು. ಎರಡು ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಹೋಗಿ ಅದನ್ನು ಎಬ್ಬಿಸಿ ಬರುವುದು ದೇವರಿಗೆ ದೀಪ ಹಚ್ಚಿದಷ್ಟೇ ರೂಢಿಯಾಗಿಬಿಟ್ಟಿತ್ತು. ‘ಮೇಡಂ ಕೈಗುಣ’ ಎಂದು ಮಕ್ಕಳು ಹೇಳಿದಾಗ ಒಳಗೊಳಗೇ ಹಿಗ್ಗೂ ಆಗುತ್ತಿತ್ತು.

ಆ ವರ್ಷ ಒಂಬತ್ತನೆಯ ತರಗತಿಗೆ ಬಂದಿದ್ದವರಲ್ಲಿ ಒಬ್ಬ ಹುಡುಗನಿದ್ದ. ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವನು. ಹೇಳದೆ ಒಂದು ಕಡ್ಡಿಯನ್ನೂ ಎತ್ತಿಡನು. ಒಂದು ದಿನ ಇಡೀ ತರಗತಿಯ ಮುಂದೆ, ‘ನೀನೂ ಆ ಪ್ರೋಗ್ರಾಮಿನ ಹಾಗೆಯೇ ಕಣೋ, ಯಾರಾದರೂ ಎಬ್ಬಿಸಬೇಕು’ ಎಂದೆ. ಮಕ್ಕಳು ನಕ್ಕರು. ಅವನೂ ನಕ್ಕ.

2023ರ ಜುಲೈಯಲ್ಲಿ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ನಾಲ್ಕು ದಿನ ರಜೆ ಹಾಕಿದೆ. ಆ ನಾಲ್ಕೂ ದಿನ ಮಕ್ಕಳು ಬರಿದಾದ ಪರದೆಗಳ ಮುಂದೆ ಕುಳಿತು ಎದ್ದು ಹೋದರಂತೆ. ಆ ಒಂದು ಸಾಲನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕುಳಿತು, ಬೆಂಗಳೂರಿನಲ್ಲಿ ಇಂಥದ್ದೇ ಕೆಲಸ ಮಾಡುವ ಮಗಳಿಗೆ ಫೋನಿನಲ್ಲಿ ದೂರಿದೆ: ‘ಅದೊಂದು ಸೋಮಾರಿ ಪ್ರೋಗ್ರಾಮು ಕಣೇ.’

‘ಸೋಮಾರಿ ಅಂತ ಹೇಗೆ ಹೇಳ್ತೀಯಮ್ಮ? ಜರ್ನಲ್ ನೋಡಿದ್ದೀಯಾ?’ ಎಂದಳು.

ನೋಡಿರಲಿಲ್ಲ. ಮುಂದಿನ ಭಾನುವಾರ ಅವಳು ಅಜ್ಜಿಯನ್ನು ನೋಡಲು ಬಂದಿದ್ದಾಗ ಇಬ್ಬರೂ ಶಾಲೆಗೆ ಹೋಗಿ ಕುಳಿತೆವು. ನಮ್ಮದು ಲಿನಕ್ಸ್ ಸರ್ವರ್. ಅದರಲ್ಲಿ ಯಾವುದು ಯಾವಾಗ ಏಳಬೇಕೆಂದು ನೋಡಿಕೊಳ್ಳುವುದು ಸಿಸ್ಟಮ್‌ಡಿ ಎಂಬ ಮೇಲ್ವಿಚಾರಕ; 2010ರಲ್ಲಿ ಹೊರಬಂದದ್ದು, ಉಬುಂಟುವಿನಲ್ಲಿ 2015ರಿಂದ ರೂಢಿಗೆ ಬಂದದ್ದು. ಅದಕ್ಕೆ ‘ಸ್ಟಾರ್ಟ್’ ಎಂದರೆ ಈಗ ಎಬ್ಬಿಸು ಎಂದಷ್ಟೇ ಅರ್ಥ. ಮುಂದೆ ಪ್ರತಿ ಸಲವೂ ಎಬ್ಬಿಸು ಎನ್ನಲು ‘ಎನೇಬಲ್’ ಎಂದು ಬೇರೆಯೇ ಹೇಳಬೇಕು. ನಮ್ಮಲ್ಲಿ ಅದನ್ನು ಹೇಳಿಯಾಗಿತ್ತು. ಹಾಗಾದರೆ ತೊಂದರೆ ಎಲ್ಲಿ? ಜರ್ನಲ್ ತೆರೆದಾಗ ಗೊತ್ತಾಯಿತು. ಕರೆಂಟು ಬಂದ ಪ್ರತಿ ಸಲವೂ ಆ ಪ್ರೋಗ್ರಾಮ್ ತಾನಾಗಿಯೇ ಎದ್ದಿತ್ತು. ಆದರೆ ಅದಕ್ಕೆ ಬೇಕಾದ ಡೇಟಾಬೇಸ್ ಇನ್ನೂ ಸಿದ್ಧವಾಗಿರುತ್ತಿರಲಿಲ್ಲ. ಹುಡುಕಿ, ಸಿಗದೆ, ಎರಡು ಸಾಲು ಬರೆದಿಟ್ಟು ನಿಂತುಹೋಗುತ್ತಿತ್ತು. ನಾನು ಬರುವ ಹೊತ್ತಿಗೆ ಡೇಟಾಬೇಸ್ ಎದ್ದಿರುತ್ತಿತ್ತು. ಆದ್ದರಿಂದಲೇ ನನ್ನ ‘ಕೈಗುಣ’ ಫಲಿಸುತ್ತಿತ್ತು.

ನಾನು ಸೋಮಾರಿ ಎಂದುಕೊಂಡದ್ದು ದಿನವೂ ನನಗಿಂತ ಮೊದಲೇ ಎದ್ದು, ಪ್ರಯತ್ನಿಸಿ, ಯಾರಿಗೂ ಕಾಣದಂತೆ ಸೋತಿತ್ತು.

ಮಗಳು ಮೂರು ಸಾಲು ಸೇರಿಸಿದಳು. ‘ರಿಕ್ವೈರ್ಸ್’: ಯಾರಿಲ್ಲದೆ ಆಗದು. ‘ಆಫ್ಟರ್’: ಯಾರು ಎದ್ದ ಮೇಲೆ ಏಳಬೇಕು. ಇವೆರಡೂ ಒಂದೇ ಅಲ್ಲವೆ ಎಂದು ಕೇಳಿದೆ. ಅಲ್ಲವಂತೆ, ಮೊದಲನೆಯದನ್ನಷ್ಟೇ ಬರೆದರೆ ಎರಡನ್ನೂ ಒಟ್ಟಿಗೇ ಎಬ್ಬಿಸಿಬಿಡುತ್ತದೆ. ಒಬ್ಬರು ಬೇಕು ಎನ್ನುವುದು ಬೇರೆ, ಅವರು ಸಿದ್ಧರಾಗುವವರೆಗೆ ಕಾಯುವುದು ಬೇರೆ. ಮೂರನೆಯದು ‘ರೀಸ್ಟಾರ್ಟ್’: ಬಿದ್ದರೆ ಮತ್ತೆ ಎಬ್ಬಿಸು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ ಒಮ್ಮೆ, ಕೋಣೆಗೆ ಮಳೆನೀರು ನುಗ್ಗುತ್ತಿದ್ದುದನ್ನು ಕಂಡು, ಯಾರೂ ಹೇಳದೆ ನೆಲದ ಮೇಲಿದ್ದ ಪೆಟ್ಟಿಗೆಗಳ ವೈರು ಕಿತ್ತು ಮೇಜಿನ ಮೇಲಿಟ್ಟಿದ್ದ. ‘ಯಾರನ್ನು ಕೇಳಿ ಮುಟ್ಟಿದೆ?’ ಎಂದು ಗದರಿದವಳು ನಾನೇ. ಅವನ ಜರ್ನಲಿನಲ್ಲಿ ಆ ಸಾಲು ಇದ್ದೇ ಇರಬೇಕು.

ಹಾಗೆಂದು ತಪ್ಪನ್ನೆಲ್ಲ ಸುತ್ತಲಿನವರ ಮೇಲೆ ಹೊರಿಸಿ ಮನುಷ್ಯನನ್ನು ಹೊಣೆಯಿಂದ ಬಿಡಿಸಲು ನಾನು ಸಿದ್ಧಳಿಲ್ಲ. ಪ್ರೋಗ್ರಾಮಿಗೆ ನಾಚಿಕೆಯಿಲ್ಲ, ಮನುಷ್ಯನಿಗಿದೆ. ಗದರುವವರು ಎದುರಿಗಿದ್ದರೂ ಮತ್ತೆ ಏಳುವ ಶಕ್ತಿಯೂ ಅವನಿಗಿದೆ. ನಿಜವಾದ ಸೋಮಾರಿಗಳನ್ನೂ ಕಂಡಿದ್ದೇನೆ. ಆದರೆ ಸೋಮಾರಿಯೂ ಸೋತವನೂ ಹೊರಗಿನಿಂದ ಒಂದೇ ರೀತಿ ಕಾಣುತ್ತಾರೆ. ಒಳಗೆ ಇಣುಕಿ ನೋಡದೆ ತೀರ್ಪು ಕೊಡುವ ಹಕ್ಕು ಕಲಿಸುವವರಿಗಿಲ್ಲ.

ಇನ್ನೊಂದು ಮಾತು. ಆ ಎರಡು ವರ್ಷ ನಾನು ಮಾಡಿದ್ದು ಸೇವೆಯೇ? ದಿನವೂ ನಾನೇ ಎಬ್ಬಿಸಿದ್ದರಿಂದ ದೋಷ ಮುಚ್ಚಿಹೋಯಿತು, ನಾನು ಅನಿವಾರ್ಯಳಾದೆ. ಅನಿವಾರ್ಯರಾಗಿರುವ ಸುಖಕ್ಕಾಗಿ ಮನೆಯಲ್ಲೂ ಶಾಲೆಯಲ್ಲೂ ನಾವು ಎಷ್ಟು ದೋಷಗಳನ್ನು ಹೀಗೆ ಸಾಕಿಕೊಂಡಿರುತ್ತೇವೋ!

ಸೋಮವಾರ ಹುಡುಗನನ್ನು ಕರೆದು, ಅಂದು ಗದರಿದ್ದು ನನ್ನ ತಪ್ಪು ಎಂದೆ. ‘ಇರಲಿ ಬಿಡಿ ಮೇಡಂ’ ಎಂದು ನೆಲ ನೋಡಿದ. ಅಷ್ಟರಿಂದ ಅವನೇನೂ ಬದಲಾಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೂ ಹೇಳಿದ್ದನ್ನಷ್ಟೇ ಮಾಡಿದ. ಸರ್ವರಿಗೆ ಮೂರು ಸಾಲು ಸಾಕಾಗಿತ್ತು. ಅವನಿಗೆ ಒಂದೇ ಸಾಲು ಸಾಕಿತ್ತೇನೋ, ಆದರೆ ಅದನ್ನು ಒಂದು ವರ್ಷ ಮೊದಲೇ ಹೇಳಬೇಕಿತ್ತು.

ಈಗಲೂ ತರಗತಿಯಲ್ಲಿ ಆ ಹಳೆಯ ಮಾತನ್ನು ಹೇಳುತ್ತೇನೆ. ಜೊತೆಗೆ ನಾಲ್ಕನೆಯವನೊಬ್ಬನನ್ನು ಸೇರಿಸುತ್ತೇನೆ: ಹೇಳದೆಯೇ ಎದ್ದು, ಯಾರಿಗೂ ಕಾಣದೆ ಬಿದ್ದವನು. ಅವನನ್ನು ಏನೆಂದು ಕರೆಯಬೇಕು ಮೇಡಂ ಎಂದು ಮಕ್ಕಳು ಕೇಳುತ್ತಾರೆ. ನನಗೆ ಇನ್ನೂ ಹೆಸರು ಸಿಕ್ಕಿಲ್ಲ. ಮೊದಲು ಅವನನ್ನೇ ಏನಾಯಿತೆಂದು ಕೇಳಿ, ಎನ್ನುತ್ತೇನೆ.