ಗಿಡ ಬಗ್ಗಿಸುವ ಕೈ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’

ಈ ಗಾದೆ ನಮ್ಮ ಮನೆಗಳಲ್ಲಿ ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. ಮಗುವಿಗೆ ಪೆಟ್ಟು ಬಿದ್ದ ಮೇಲೆ, ಹೊಡೆದವರು ಉಳಿದವರ ಮುಖ ನೋಡುತ್ತಾ ಹೇಳುವುದು ಒಂದು. ಬೆಳೆದ ಮಗ ಮಾತು ಮೀರಿದಾಗ, ನೆಂಟರಿಷ್ಟರು ಅವನ ಅಪ್ಪ ಅಮ್ಮನ ಬೆನ್ನ ಹಿಂದೆ ಹೇಳುವುದು ಇನ್ನೊಂದು. ಮೊದಲನೆಯದು ಹೊಡೆದಿದ್ದಕ್ಕೆ ಸಮರ್ಥನೆ, ಎರಡನೆಯದು ಹೊಡೆಯದೆ ಬಿಟ್ಟಿದ್ದಕ್ಕೆ ಆಕ್ಷೇಪ. ಎರಡೂ ಕಡೆ ಬೆತ್ತಕ್ಕೇ ಸಾಕ್ಷಿ ಹೇಳಿಸಿ ಹೇಳಿಸಿ, ಗಾದೆ ಇರುವುದೇ ಬೆತ್ತದ ಪರವಾಗಿ ಎಂದು ನಾವು ನಂಬಿಬಿಟ್ಟಿದ್ದೇವೆ.

ಆದರೆ ಗಾದೆಯಲ್ಲಿ ಬೆತ್ತ ಎಲ್ಲಿದೆ? ಗಿಡವಿದೆ, ಮರವಿದೆ, ನಡುವೆ ಕಳೆದುಹೋಗುವ ಕಾಲವಿದೆ. ಹೆಸರು ಹೇಳದಿದ್ದರೂ ಅಲ್ಲಿ ಇನ್ನೊಬ್ಬರಿದ್ದಾರೆ, ಆ ಗಿಡ ನೆಟ್ಟವರು. ಗಾದೆ ಪ್ರಶ್ನೆ ಕೇಳುತ್ತಿರುವುದು ಅವರನ್ನು. ಬಗ್ಗುವ ಕಾಲದಲ್ಲಿ ನೀವು ಎಲ್ಲಿದ್ದಿರಿ ಎಂದು ಅದು ವಿಚಾರಿಸುತ್ತಿದೆ. ಮಕ್ಕಳ ಮೇಲೆ ನಮಗೆ ಎಷ್ಟು ಅಧಿಕಾರ ಎಂಬುದಕ್ಕಿಂತ, ಯಾವ ವಯಸ್ಸಿನಲ್ಲಿ ಎಷ್ಟು ಹೊಣೆ ಎಂಬುದೇ ಈ ಮಾತಿನ ತಿರುಳು ಎಂದು ನಾನು ತಿಳಿದಿದ್ದೇನೆ.

ಬಗ್ಗಿಸುವುದು ಎಂದರೇನೆಂದು ತೋಟದವರಿಗೆ ಗೊತ್ತು. ನಮ್ಮದು ಸಾಗರ ಸೀಮೆಯ ಅಡಿಕೆ ತೋಟದ ಮನೆ. ಅಡಿಕೆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮಳೆಗಾಲದಲ್ಲಿ ಬಳ್ಳಿ ಎಳೆ ಕುಡಿ ಬಿಡುತ್ತದೆ. ಹಿಡಿದು ನಿಲ್ಲಿಸುವವರಿಲ್ಲದಿದ್ದರೆ ಮರ ಬಿಟ್ಟು ಜೋತುಬೀಳುತ್ತದೆ, ಇಲ್ಲವೇ ನೆಲದ ಮೇಲೆ ಹರಿಯುತ್ತದೆ. ಅಮ್ಮ ಬಾಳೆಪಟ್ಟೆಯನ್ನು ನಾರು ನಾರಾಗಿ ಸೀಳಿಕೊಂಡು ತೋಟಕ್ಕಿಳಿಯುತ್ತಾರೆ. ಕುಡಿಯನ್ನು ಎರಡೇ ಬೆರಳಲ್ಲಿ ಎತ್ತಿ, ಮರಕ್ಕೆ ಒರಗಿಸಿ, ಗೆಣ್ಣಿನ ಹತ್ತಿರ ನಾರು ಸುತ್ತಿ ಗಂಟು ಹಾಕುತ್ತಾರೆ. ಗೆಣ್ಣಿನಲ್ಲಿ ಒಡೆಯುವ ಬೇರು ಮರವನ್ನು ಕಚ್ಚಿಕೊಳ್ಳಬೇಕು. ಕಟ್ಟು ಸಡಿಲವಾದರೆ ಬೇರಿಗೆ ಮರ ಸಿಗದು, ಬಿಗಿಯಾದರೆ ಕುಡಿಯ ಕತ್ತು ಕೊರೆಯುತ್ತದೆ. ಬಳ್ಳಿ ಗೇಣುದ್ದ ಏರಿದ ಮೇಲೆ ಮತ್ತೆ ಹೋಗಿ ಇನ್ನೊಂದು ಕಟ್ಟು. ಅಷ್ಟು ಹೊತ್ತಿಗೆ ಕೆಳಗಿನ ಬೇರು ಮರ ಹಿಡಿದಿರುತ್ತದೆ. ಅಲ್ಲಿನ ನಾರು ಮಳೆಗೆ ಕೊಳೆತು ತಾನಾಗಿ ಉದುರುತ್ತದೆ. ಕೆಲಸ ಬೇಗ ಮುಗಿಯಲೆಂದು ಪ್ಲಾಸ್ಟಿಕ್ ಹುರಿ ಕಟ್ಟುವವರೂ ಇದ್ದಾರೆ. ಅದು ಉದುರುವುದಿಲ್ಲ, ಬಳ್ಳಿ ದಪ್ಪವಾದಂತೆಲ್ಲ ಒಳಗೆ ಕೊರೆಯುತ್ತಾ ಹೋಗುತ್ತದೆ.

ಈ ಕೆಲಸದಲ್ಲಿ ಹೊಡೆತಕ್ಕೆ ಜಾಗವೇ ಇಲ್ಲ. ಹೊತ್ತಿಗೆ ಸರಿಯಾಗಿ ಹೋಗಬೇಕು, ಮತ್ತೆ ಮತ್ತೆ ಹೋಗಬೇಕು, ಅಷ್ಟೇ. ಹಾಗೆ ಹೋಗದೆ, ಬಳ್ಳಿ ಬಲಿತ ಮೇಲೆ ಒಮ್ಮೆಗೇ ಎಳೆದು ಕಟ್ಟಲು ಹೊರಟರೆ ಲಟಕ್ಕೆಂದು ಮುರಿಯುತ್ತದೆ. ಪೆಟ್ಟು ಎನ್ನುವುದು ತಡವಾಗಿ ಬಂದವರ ಅವಸರ. ಗಾದೆ ಎಚ್ಚರಿಸುತ್ತಿರುವುದು ಆ ತಡದ ಬಗ್ಗೆ.

ಹಾಗೆಂದು ಹಿಂದಿನವರನ್ನೆಲ್ಲ ಕಟುಕರೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರ ಮಾತಿಗೂ ಕಾರಣವಿತ್ತು. ಅಡಿಕೆ ಸುಗ್ಗಿಯ ಮನೆಯನ್ನು ನೆನೆದುಕೊಳ್ಳಿ. ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿಗಳು, ಹಿತ್ತಿಲಲ್ಲಿ ಚೊಗರು ಕೊತಕೊತ ಕುದಿಯುವ ಹಂಡೆ, ಪಕ್ಕದಲ್ಲೇ ಕಟ್ಟೆಯಿಲ್ಲದ ಬಾವಿ, ನಡುವೆ ಓಡಾಡುವ ಏಳೆಂಟು ಮಕ್ಕಳು. ಹಂಡೆಯ ಹತ್ತಿರ ಹೋದ ಹುಡುಗನ ಬೆನ್ನಿಗೆ ಚಿಕ್ಕಪ್ಪ ಒಂದು ಬಾರಿಸಿದರೆ ಅದರಲ್ಲಿ ದ್ವೇಷವಿರಲಿಲ್ಲ, ಭಯವಿತ್ತು. ಶಾಲೆಯ ಪದ್ಧತಿಯೂ ಹಾಗೇ ಇತ್ತು. ಹಳೆಯ ಕೂಲಿಮಠಗಳಲ್ಲಿ ಹುಡುಗರನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆಯಿತ್ತು. ಅದು ಹೋದ ಮೇಲೂ ನಾಗರಬೆತ್ತ ಉಳಿಯಿತು. ಮಗನನ್ನು ಶಾಲೆಗೆ ಸೇರಿಸುವಾಗ ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಮಾಸ್ತರೇ’ ಎಂದು ಒಪ್ಪಿಸಿ ಬರುತ್ತಿದ್ದ ಅಪ್ಪಂದಿರು ಊರೂರಿಗೆ ಇದ್ದರು. ಅದನ್ನು ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು.

ಆ ಸುಗ್ಗಿಯ ಮನೆಯಲ್ಲಿ ಇನ್ನೊಂದು ಏರ್ಪಾಡಿತ್ತು. ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಅಜ್ಜಯ್ಯನ ಬರಲು ಬೀಸಿದ ಸದ್ದಿಗೇ ಅಜ್ಜಿ ಒಳಗಿನಿಂದ ಬರುತ್ತಿದ್ದರು. ‘ಸಾಕು ಬಿಡಿ, ಹೊಡೆದ್ರೆ ಬುದ್ಧಿ ಬರೋದಾಗಿದ್ರೆ ನಮ್ಮನೆ ಎತ್ತುಗಳೆಲ್ಲ ಪಂಡಿತರಾಗಬೇಕಿತ್ತು’ ಎಂದು ಹುಡುಗನನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತಿದ್ದರು. ಅತ್ತೆ ಬೆಲ್ಲದ ಚೂರು ತಂದು ಕೈಗಿಡುತ್ತಿದ್ದರು. ಸಂಜೆ ಕಂಬಕ್ಕೊರಗಿ ಕೂತ ದೊಡ್ಡಪ್ಪ, ಯಾಕೆ ಹಾಗೆ ಮಾಡಬಾರದಿತ್ತು ಎಂಬುದನ್ನು ಕಥೆಯಾಗಿ ಹೇಳುತ್ತಿದ್ದರು. ಹೊಡೆಯುವವರು ಒಬ್ಬರಾದರೆ ಎತ್ತಿಕೊಳ್ಳುವವರು ನಾಲ್ವರು.

‘ಪೆಟ್ಟು ತಿಂದೇ ಅಲ್ವಾ ನಾವು ಮನುಷ್ಯರಾಗಿದ್ದು’ ಎನ್ನುವವರಿಗೆ ನನ್ನ ಉತ್ತರ ಇದೇ. ನಿಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು ಆ ಸೆರಗು, ಆ ಬೆಲ್ಲ, ಸಂಜೆಯ ಆ ಕಥೆ. ಅವುಗಳ ಪುಣ್ಯವನ್ನು ಪೆಟ್ಟಿನ ಖಾತೆಗೆ ಜಮಾ ಮಾಡಬೇಡಿ. ಈಗ ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿಗೆ ಬಂದಿರುವುದು ಬರಲು ಮಾತ್ರ, ಅಜ್ಜಿಯ ಸೆರಗು ಊರಿನಲ್ಲೇ ಉಳಿದಿದೆ. ಫ್ಲ್ಯಾಟಿನಲ್ಲಿ ಹೊಡೆದ ಕೈಯೇ ಕಣ್ಣು ಒರೆಸಬೇಕು. ಮಗು ಅಳುತ್ತಾ ಓಡಿಹೋಗಲು ಇನ್ನೊಂದು ಮಡಿಲಿಲ್ಲ. ಅದೇ ಪೆಟ್ಟು ಇಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ ಒಂದು ವರದಿ ತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಕುಟುಂಬದೊಳಗೆ ಹಿಂಸೆ ಅನುಭವಿಸಿದವರಲ್ಲಿ ಶೇ. 88.6ರಷ್ಟು ಮಕ್ಕಳಿಗೆ ಹೊಡೆದವರು ಹೆತ್ತವರೇ. ಹೊಡೆತದಿಂದ ಫಲವಾದರೂ ಸಿಕ್ಕಿತೇ? ಐದು ದಶಕಗಳಲ್ಲಿ ನಡೆದ ಅಧ್ಯಯನಗಳನ್ನು, ಸುಮಾರು 1 ಲಕ್ಷ 60 ಸಾವಿರ ಮಕ್ಕಳ ವಿವರಗಳನ್ನು ಒಟ್ಟಿಗಿಟ್ಟು ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ಪರಿಶೀಲಿಸಿದರು. ಪೆಟ್ಟು ತಿಂದ ಮಕ್ಕಳು ಹೆಚ್ಚು ವಿಧೇಯರಾದದ್ದು ಕಾಣಲಿಲ್ಲ. ಕಂಡದ್ದು ಹೆಚ್ಚಿದ ಸಿಟ್ಟು, ಹಟ, ಹೆತ್ತವರ ಜೊತೆ ಕೆಟ್ಟ ಸಂಬಂಧ. ನಾರು ಕೊಳೆತು ಹೋಗಬೇಕಾದ ಕಡೆ ಹುರಿ ಉಳಿದುಬಿಟ್ಟರೆ ಆಗುವುದೂ ಅದೇ.

ಕಾನೂನು ಅರ್ಧ ದಾರಿ ಬಂದಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಮೇಲಿನ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷೆಯಿದೆ. ಆದರೆ ಮನೆಯೊಳಗಿನ ‘ಬುದ್ಧಿ ಕಲಿಸುವ’ ಏಟನ್ನು ನೇರವಾಗಿ ನಿಷೇಧಿಸಿದ ಕಾನೂನು ನಮ್ಮಲ್ಲಿಲ್ಲ. ಜಗತ್ತಿನಲ್ಲಿ ಮೊದಲು ಆ ಹೆಜ್ಜೆ ಇಟ್ಟದ್ದು ಸ್ವೀಡನ್, 1979ರಲ್ಲಿ. ಹೆತ್ತವರನ್ನು ಜೈಲಿಗೆ ತಳ್ಳುವುದು ಅದರ ಉದ್ದೇಶವಾಗಿರಲಿಲ್ಲ. ಕಾನೂನಿನ ಸುದ್ದಿಯನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದರು; ಬೆಳಗಿನ ತಿಂಡಿಗೆ ಕೂತ ಅಪ್ಪ, ಅಮ್ಮ, ಮಕ್ಕಳು ಅದನ್ನು ಓದಿ ಮಾತನಾಡಿಕೊಳ್ಳಲಿ ಎಂದು. ಮನೆಯ ವಿಷಯ ಮನೆಯ ಮಾತಿನಲ್ಲೇ ಇತ್ಯರ್ಥವಾಗಬೇಕು ಎಂಬ ಆ ತಿಳಿವಳಿಕೆ ನನಗೆ ದೊಡ್ಡದೆನಿಸುತ್ತದೆ.

ಹೊಡೆಯಬಾರದು ಸರಿ, ಮತ್ತೇನು ಮಾಡಬೇಕು? ಅದನ್ನು ಕಲಿಯಲು ದೂರದ ದೇಶಕ್ಕೆ ಹೋಗಬೇಕಿಲ್ಲ. ಭಾಗವತದ ದಶಮಸ್ಕಂಧದಲ್ಲಿ ಯಶೋದೆ ಕೃಷ್ಣನನ್ನು ಒರಳಿಗೆ ಕಟ್ಟುವ ಪ್ರಸಂಗವಿದೆ. ಹರಿಕಥೆಯಲ್ಲೋ ಅಜ್ಜಿಯ ಬಾಯಲ್ಲೋ ನಾವೆಲ್ಲ ಕೇಳಿದ್ದೇವೆ, ಆದರೆ ಅದರ ವಿವರಗಳನ್ನು ನಿಧಾನವಾಗಿ ನೋಡಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತದೆ. ಮೊಲೆಯುಣ್ಣುತ್ತಿದ್ದ ಮಗುವನ್ನು ಅರ್ಧಕ್ಕೇ ಇಳಿಸಿ ತಾಯಿ ಓಡುತ್ತಾಳೆ. ಮಗುವಿಗೆ ಸಿಟ್ಟು ಬಂದು ಮೊಸರಿನ ಮಡಕೆ ಒಡೆಯುತ್ತದೆ. ತುಂಟತನಕ್ಕೆ ಕಾರಣ ಮನೆಯ ಧಾವಂತದಲ್ಲೇ ಇತ್ತು ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ. ತಾಯಿ ಕೋಲು ಹಿಡಿದು ಅಟ್ಟಿಸಿಕೊಂಡು ಬಂದು ಹಿಡಿಯುತ್ತಾಳೆ. ಕಾಡಿಗೆಯ ಕಣ್ಣು ಉಜ್ಜಿಕೊಂಡು ಅಳುವ ಮಗು ಹೆದರಿದೆ ಎಂದು ತಿಳಿದ ಕೂಡಲೇ ಕೋಲನ್ನು ಎಸೆದುಬಿಡುತ್ತಾಳೆ. ತಪ್ಪನ್ನು ಹಾಗೇ ಬಿಟ್ಟುಕೊಡುವುದಿಲ್ಲ, ಹಗ್ಗ ತರುತ್ತಾಳೆ. ಎಷ್ಟು ಹಗ್ಗ ಜೋಡಿಸಿದರೂ ಎರಡು ಅಂಗುಲ ಸಾಲದು. ಕೊನೆಗೆ, ಬೆವರಿ, ಹೂ ಉದುರಿ, ದಣಿದು ನಿಂತ ತಾಯಿಯನ್ನು ಕಂಡು ಮಗುವೇ ಮನಕರಗಿ ಕಟ್ಟಿಸಿಕೊಳ್ಳುತ್ತದೆ.

ಭಕ್ತರು ಇದರಲ್ಲಿ ಭಗವಂತನ ಕೃಪೆಯನ್ನು ಕಾಣುತ್ತಾರೆ. ಮನೆಯವಳಾಗಿ ನಾನು ಕಾಣುವುದು ಇಷ್ಟು: ಕಣ್ಣಿನಲ್ಲಿ ಹೆದರಿಕೆ ಕಂಡ ಕ್ಷಣ ಕೋಲಿನ ಕೆಲಸ ಮುಗಿಯಿತು. ಸಾಲದೇ ಹೋದ ಆ ಎರಡು ಅಂಗುಲವನ್ನು ತುಂಬುವುದು ಮಗುವಿನ ಒಪ್ಪಿಗೆ. ತಾಯಿ ತನಗಾಗಿ ದಣಿದದ್ದನ್ನು ಕಂಡ ಮಗು ಬಗ್ಗುತ್ತದೆ.

ಈ ದಣಿಯುವ ಕೆಲಸ ಬೇಡವೆನ್ನುವವರು ಇನ್ನೊಂದು ಬಗೆಯವರಿದ್ದಾರೆ. ಹೊಡೆಯುವುದೂ ಇಲ್ಲ, ತಿದ್ದುವುದೂ ಇಲ್ಲ. ಎರಡು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಟ್ಟು ತುತ್ತು ಇಳಿಸಿದರೆ ಆಯಿತು. ಎಂಟನೆಯ ವಯಸ್ಸಿಗೆ ಅದೇ ಮೊಬೈಲಿಗಾಗಿ ಮಗು ರಂಪ ಮಾಡಿದಾಗ ಅವರೂ ಕೈಯೆತ್ತುತ್ತಾರೆ. ಗಾದೆ ಈ ಮನೆಗೂ ಅನ್ವಯಿಸುತ್ತದೆ. ಅತಿ ಮುದ್ದೂ ಅತಿ ಶಿಕ್ಷೆಯೂ ಬೇರೆ ಬೇರೆ ಎಂದು ಕಂಡರೂ ಎರಡರಲ್ಲೂ ತಪ್ಪಿದ್ದು ಹೊತ್ತೇ.

ಮನೆಯ ಭಿನ್ನಾಭಿಪ್ರಾಯಗಳೂ ಇಲ್ಲೇ ಹುಟ್ಟುತ್ತವೆ. ನನ್ನ ತಮ್ಮನ ಮನೆಯಲ್ಲಿ ಅವನ ಮಗನನ್ನು ತಿದ್ದುವ ಬಗ್ಗೆ ಮೂರು ಮತಗಳಿದ್ದವು. ‘ಎರಡು ಬಿಟ್ಟರೆ ಸರಿಹೋಗ್ತಾನೆ’ ಎನ್ನುವುದು ತಮ್ಮನ ಮತ. ‘ಕೂರಿಸಿಕೊಂಡು ಹೇಳಿದರೆ ಅರ್ಥವಾಗುತ್ತೆ’ ಎನ್ನುವುದು ಅವನ ಹೆಂಡತಿಯದು. ‘ಕಣ್ಣು ಬಿಟ್ಟರೆ ಸಾಕಿತ್ತು ನಮ್ಮ ಕಾಲದಲ್ಲಿ’ ಎನ್ನುವುದು ಅಮ್ಮನದು. ವಾದವೆಲ್ಲ ಹುಡುಗನ ಎದುರಿಗೇ ನಡೆಯುತ್ತಿತ್ತು. ಅವನು ಕಲಿತದ್ದು ತಪ್ಪು ಸರಿಯನ್ನಲ್ಲ. ಯಾರ ಹತ್ತಿರ ಯಾವಾಗ ಹೋದರೆ ಕೆಲಸ ಆಗುತ್ತದೆ ಎಂಬುದನ್ನು. ಕೊನೆಗೆ ಅವನು ಮಲಗಿದ ಮೇಲೆ ಮೂವರೂ ಕೂತು ಒಂದು ಮಾತಿಗೆ ಬಂದರು: ಊಟದ ಹೊತ್ತಿನಲ್ಲಿ ಮನೆಯಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಬಾರದು. ಆಫೀಸಿನ ಕರೆ ಬಂದರೂ ತಮ್ಮ ಎದ್ದುಹೋಗುವುದಿಲ್ಲ, ಅಮ್ಮನ ಧಾರಾವಾಹಿಯೂ ಇಲ್ಲ. ಮೊದಲ ಕೆಲವು ದಿನ ಹುಡುಗ ತಟ್ಟೆ ತಳ್ಳಿದ, ಅತ್ತ. ಯಾರೂ ರೇಗಲಿಲ್ಲ, ಯಾರೂ ಸೋಲಲೂ ಇಲ್ಲ. ಈಗ ಅಪ್ಪ ಮರೆತು ಫೋನು ಹಿಡಿದರೆ ಅವನೇ ತೆಗೆದು ಟಿವಿಯ ಪಕ್ಕ ಇಟ್ಟು ಬರುತ್ತಾನೆ.

ಗಾದೆಯ ಉತ್ತರಾರ್ಧವನ್ನೂ ಒಮ್ಮೆ ಪರೀಕ್ಷಿಸಬೇಕು. ಮರ ಬಗ್ಗುವುದೇ ಇಲ್ಲವೇ? ನಮ್ಮ ಅಪ್ಪಯ್ಯ ನಮಗೆಲ್ಲ ಹುಣಸೆ ಬರಲಿನ ರುಚಿ ತೋರಿಸಿದವರು. ಮೊಮ್ಮಕ್ಕಳ ಮೇಲೆ ಅವರು ಕೈ ಎತ್ತಿದ್ದನ್ನು ಯಾರೂ ಕಂಡಿಲ್ಲ. ಕನ್ನಡಕ ಮುರಿದ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ‘ಇದಿಲ್ದೆ ಅಜ್ಜಂಗೆ ಪೇಪರ್ ಕಾಣಲ್ಲ ಪುಟ್ಟೀ’ ಎಂದು ವಿವರಿಸುತ್ತಾರೆ. ಇಂಥ ಅಜ್ಜಂದಿರು ನಿಮ್ಮ ಮನೆಯಲ್ಲೂ ಇದ್ದಾರು. ಬಿಡುವು ಸಿಕ್ಕಾಗ, ನಾಳೆಯ ಹೆದರಿಕೆ ಕಡಿಮೆಯಾದಾಗ ಎಪ್ಪತ್ತರ ಮರವೂ ಬಗ್ಗುತ್ತದೆ. ಹಾಗಿದ್ದ ಮೇಲೆ ಮೂವತ್ತೈದರ ಅಪ್ಪ ಅಮ್ಮ ‘ನಮ್ಮ ಸ್ವಭಾವವೇ ಹೀಗೆ’ ಎಂದು ಗಾದೆಯ ಹಿಂದೆ ಅಡಗಬೇಕಾಗಿಲ್ಲ.

ಮಕ್ಕಳನ್ನು ಹೇಗೆ ತಿದ್ದಬೇಕು ಎಂಬ ಬಗ್ಗೆ ಒಂದೇ ಮನೆಯಲ್ಲಿ ಹತ್ತು ಅಭಿಪ್ರಾಯಗಳಿದ್ದರೆ ಇರಲಿ. ಎಷ್ಟು ಹೊತ್ತು ಆಟ, ಯಾವ ಶಾಲೆ, ಎಷ್ಟು ಸಲಿಗೆ, ಇವನ್ನೆಲ್ಲ ಮಗು ಮಲಗಿದ ಮೇಲೆ ಕೂತು ಮಾತಾಡೋಣ. ಆದರೆ ಮಗುವಿನ ಮೈಮೇಲೆ ಕೈ ಮಾಡುವುದಿಲ್ಲ ಎಂಬುದು ಆ ಚರ್ಚೆಯಾಚೆಗಿನ ಮಾತಾಗಿರಲಿ, ಅಜ್ಜ ಅಜ್ಜಿಯಿಂದ ಟ್ಯೂಷನ್ ಹೇಳಿಕೊಡುವವರವರೆಗೆ ಎಲ್ಲರೂ ಅದಕ್ಕೆ ಬದ್ಧರಾಗಿರಲಿ. ಉಳಿದದ್ದಕ್ಕೆ ಬೇಕಾದದ್ದು ನಮ್ಮ ಹೊತ್ತು. ಅದನ್ನು ಈಗಲೇ, ಮಗು ಚಿಕ್ಕದಿರುವಾಗಲೇ ಕೊಡಬೇಕು ಎಂಬುದನ್ನು ಹಿರಿಯರು ಒಂದೇ ಸಾಲಿನಲ್ಲಿ ಹೇಳಿ ಹೋಗಿದ್ದಾರೆ.