ಒಡೆದ ಗುಂಡಿಯ ಋಣ

ಆಯ್ದಕ್ಕಿ ಮಾರಯ್ಯನ ಸತಿ ಲಕ್ಕಮ್ಮನ ವೃತ್ತಾಂತವನ್ನು ಅರಿಯದ ಶರಣಕುಟುಂಬವಿಲ್ಲ. ಪತಿಯು ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಕಂಡು, ಇದು ನಮಗೆ ಸಲ್ಲತಕ್ಕುದಲ್ಲವೆಂದು, ತಂದೆಡೆಯಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಮಹಾಸತಿ ಆಕೆ. ಮಿಕ್ಕುದನ್ನು ಹಿಂದಿರುಗಿಸಬೇಕೆಂಬ ಧರ್ಮವು ಈ ಕಥೆಯಿಂದ ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿತವಾಗಿದೆ. ಆದರೆ ಕಡಮೆಯಾದುದನ್ನು ಕೇಳಿ ಪಡೆಯಬಹುದೇ? ನಮಗೆ ಸಲ್ಲಬೇಕಾದುದು ಸಲ್ಲದೆ ಹೋದಾಗ ಬಾಯಿ ತೆರೆಯುವುದು ಲೋಭವೋ ನ್ಯಾಯವೋ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿರಿಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಒಂದು ಅಂಗಿಯ ಮೂರು ಗುಂಡಿಗಳು. ವಾಚಕ ಮಹಾಶಯರು ನಗಬಾರದಾಗಿ ಪ್ರಾರ್ಥನೆ.

ನಾನು ವಾಸಿಸುವ ಉಲ್ಲಾಳವು ಬೆಂಗಳೂರಿನ ಪಶ್ಚಿಮದಲ್ಲಿ ಕೆಂಗೇರಿಗೂ ಮಾಗಡಿ ರಸ್ತೆಗೂ ನಡುವಣ ಊರು. ಕೆರೆಯೊಂದನ್ನು ಆಶ್ರಯಿಸಿದ್ದ ಗ್ರಾಮವು ಈಗ ಉಪನಗರವೆಂದೂ ಬಡಾವಣೆಯೆಂದೂ ಹಬ್ಬಿಕೊಂಡಿದೆ. 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಮನೆಗಳು ಇನ್ನಷ್ಟು ಒತ್ತಾದುವು. ಇಂಥ ಊರುಗಳಲ್ಲಿ ಹಿಂದೆ ಕೆರೆಯಂಚಿನ ಕಲ್ಲು ಮಾಡುತ್ತಿದ್ದ ಕೆಲಸವನ್ನು ಇಂದು ಗಾಜಿನ ಬಾಗಿಲಿನ ಡ್ರೈ ಕ್ಲೀನಿಂಗ್ ಅಂಗಡಿಗಳು ಮಾಡುತ್ತಿವೆ. ಹೆಸರಿನಲ್ಲಿ 'ಒಣ' ಎಂದಿದ್ದರೂ ಅದು ಒಣ ಕೆಲಸವಲ್ಲ. ರೇಷ್ಮೆ ಉಣ್ಣೆಗಳನ್ನು ನೀರಿಗೆ ಬದಲಾಗಿ ಬೇರೊಂದು ದ್ರವದಲ್ಲಿ ಅದ್ದಿ ತೊಳೆಯುತ್ತಾರೆ, ಅಷ್ಟೆ. ಹತ್ತಿಯ ಅಂಗಿಯನ್ನಾದರೋ ಅಲ್ಲಿಯೂ ನೀರಿನಲ್ಲಿಯೇ ಒಗೆದು, ಯಂತ್ರದ ಇಸ್ತ್ರಿಯಲ್ಲಿ ಒತ್ತುವುದೇ ವಾಡಿಕೆ.

ಬಸವಜಯಂತಿಯ ದಿನ ಮಠಕ್ಕೆ ತೊಟ್ಟು ಹೋಗಲೆಂದು ಮಗನು ಹೊಲಿಸಿಕೊಟ್ಟ ಬಿಳಿಯ ಅಂಗಿಯನ್ನು ಅಂಥದೊಂದು ಅಂಗಡಿಗೆ ಕೊಟ್ಟೆನು. ಅದಕ್ಕೆ ಮುತ್ತಿನ ಚಿಪ್ಪಿನ ಗುಂಡಿಗಳು. ಹಿಂದಿರುಗಿ ಬಂದಾಗ ಎರಡು ಗುಂಡಿಗಳು ನಡುವೆ ಸೀಳಿದ್ದುವು, ಒಂದರ ಅಂಚು ಹಾರಿಹೋಗಿದ್ದಿತು. ರಸೀದಿಯ ಹಿಂಬದಿಯಲ್ಲಿ, ಗುಂಡಿಗಳಿಗೆ ಅಂಗಡಿಯವರು ಹೊಣೆಯಲ್ಲವೆಂದು ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿದ್ದಿತು. ನಾನು ನ್ಯಾಯವಾದ ಮಾತನ್ನೇ ಆಡಿದೆನು. ಆಡಿದ ದನಿ ಮಾತ್ರ ನ್ಯಾಯವಾಗಿರಲಿಲ್ಲ. ಅಂಗಡಿಯ ಒಡೆಯನು ಮರುಮಾತಿಲ್ಲದೆ ಎಂಬತ್ತು ರೂಪಾಯಿಗಳನ್ನು ಮೇಜಿನ ಮೇಲಿಟ್ಟನು. ನಾನು ತೆಗೆದುಕೊಂಡೆನು. ಗೆದ್ದೆನೆಂಬ ಭಾವವೂ ಇದ್ದಿತೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಮುಂದಿನ ವಾರ ಮತ್ತೆ ಹೋದಾಗ ಒಡೆಯನಿರಲಿಲ್ಲ. ಇಸ್ತ್ರಿಯ ಯಂತ್ರದ ಬಳಿ ನಿಲ್ಲುವ, ಉತ್ತರದ ಸೀಮೆಯಿಂದ ಬಂದ ತರುಣನು ಬಟ್ಟೆಯನ್ನು ಕೈಗಿತ್ತು, "ಅಜ್ಜಾರ, ಈ ಸಲ ಗುಂಡಿ ಎಣಿಸಿ ಒಯ್ಯಿರಿ. ಹ್ವಾದ ವಾರದ ಎಂಬತ್ತು ನನ್ನ ಪಗಾರದಾಗ ಹೋತು" ಎಂದನು. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಆ ರಾತ್ರಿ ನಿದ್ರೆ ಬಾರದೆ ಗ್ರಂಥಗಳನ್ನು ತೆರೆದೆನು. ನಮ್ಮ ದೇಶದಲ್ಲಿ ಜಾರಿಯಲ್ಲಿರುವ 1872ರ ಕರಾರು ಕಾಯಿದೆಯ 151ನೆಯ ಕಲಮು, ಪರರ ವಸ್ತುವನ್ನು ಕೈಗೊಂಡವನು ಸಾಧಾರಣ ವಿವೇಕಿಯಾದ ಮನುಷ್ಯನು ತನ್ನ ಸ್ವಂತ ವಸ್ತುವಿಗೆ ತೋರುವಷ್ಟು ಎಚ್ಚರವನ್ನು ಅದಕ್ಕೂ ತೋರಬೇಕೆಂದು ವಿಧಿಸುತ್ತದೆ. ವಸ್ತುವನ್ನು ಒಪ್ಪಿಸುವವನಾದರೂ ತನಗೆ ತಿಳಿದಿರುವ ಅದರ ದೋಷವನ್ನು ಮೊದಲೇ ಹೇಳಬೇಕೆಂಬುದು ಅದರ ಹಿಂದಿನ, 150ನೆಯ ಕಲಮಿನ ಮಾತು. ಚಿಪ್ಪಿನ ಗುಂಡಿಯು ಬಿಸಿಗೂ ಒತ್ತಡಕ್ಕೂ ಬೇಗನೆ ಬಿರಿಯುವುದೆಂದು ನನಗೆ ತಿಳಿದಿದ್ದಿತು, ನಾನು ಹೇಳಿರಲಿಲ್ಲ. ಒಂದು ಋಣವು ಅಲ್ಲಿಯೇ ನನ್ನ ತಲೆಗೆ ಬಂದಿತು.

ಬಳಿಕ ಹಳೆಯದಕ್ಕೆ ಹೋದೆನು. ಬಸವಣ್ಣನವರು ಬಿಜ್ಜಳನ ಆಳ್ವಿಕೆಯಲ್ಲಿ ಕಲ್ಯಾಣಕ್ಕೆ ಬರುವುದಕ್ಕೆ ಕೆಲವು ದಶಕಗಳ ಮುಂಚೆ, ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಟೀಕೆಯನ್ನು ರಚಿಸಿದನು. ಅಲ್ಲಿ ಮಡಿವಾಳನ ವ್ಯವಹಾರವೂ ವಿಚಾರಕ್ಕೆ ಬಂದಿದೆ. ಪರರ ವಸ್ತ್ರವನ್ನು ಉಟ್ಟರೆ ಮೂರು ಪಣ, ಮಾರಿದರೆ, ಬಾಡಿಗೆಗಿತ್ತರೆ, ಅಡವಿಟ್ಟರೆ, ಎರವು ಕೊಟ್ಟರೆ ಹತ್ತು ಪಣ ದಂಡ. ಬಟ್ಟೆ ನಷ್ಟವಾದಾಗ ಹೊಸ ಬಟ್ಟೆಯ ಪೂರ್ಣ ಬೆಲೆಯನ್ನು ಕೇಳುವಂತಿಲ್ಲವೆಂಬುದಕ್ಕೆ ನಾರದನ ವಚನವೇ ಆಧಾರ: ಒಮ್ಮೆ ಒಗೆದುದಕ್ಕೆ ಬೆಲೆಯಲ್ಲಿ ಎಂಟನೆಯ ಒಂದು ಭಾಗ, ಎರಡು ಬಾರಿ ಒಗೆದುದಕ್ಕೆ ಕಾಲು ಭಾಗ, ಮೂರು ಬಾರಿಗೆ ಮೂರನೆಯ ಒಂದು ಭಾಗ, ನಾಲ್ಕು ಬಾರಿಗೆ ಅರ್ಧ ಕಳೆಯಬೇಕು. ಎಷ್ಟು ನವುರಾದ ಲೆಕ್ಕ! ಗ್ರಾಹಕನ ದುರಾಸೆಗೂ ಅಂದೇ ಕಡಿವಾಣ ಬಿದ್ದಿದ್ದಿತು.

ಆದರೆ ನನ್ನ ಕಣ್ಣು ನಿಂತುದು ಬೇರೊಂದು ಮಾತಿನ ಮೇಲೆ. ಮಡಿವಾಳನು ಬೂರುಗದ ಮರದ ನಯವಾದ ಹಲಗೆಯ ಮೇಲೆ ಮೆಲ್ಲಮೆಲ್ಲನೆ ಒಗೆಯಬೇಕೆಂದು ಮನುವು ಹೇಳುತ್ತಾನೆ. ಕೌಟಿಲ್ಯನೂ ಅಂತೆಯೇ: ಮರದ ಹಲಗೆ ಅಥವಾ ನುಣುಪಾದ ಕಲ್ಲು, ಬೇರೆಡೆ ಒಗೆದು ಬಟ್ಟೆ ಕೆಟ್ಟರೆ ನಷ್ಟವನ್ನೂ ತುಂಬಬೇಕು, ಆರು ಪಣ ದಂಡವನ್ನೂ ತೆರಬೇಕು. ಮಡಿವಾಳನನ್ನು ಶಂಕೆಯಿಂದಲೇ ಕಂಡು ಬರೆದ ಶಾಸ್ತ್ರಗಳಿವು. ಶರಣರು ಆ ಕಾಯಕದವನನ್ನು ಮಾಚಿತಂದೆಯೆಂದು ಕರೆದು ಶರಣಗಣದ ಮುಂದಿನ ಸಾಲಿನಲ್ಲಿ ನಿಲ್ಲಿಸಿದರೆಂಬುದನ್ನು ನಾವು ಮರೆಯಲಾಗದು. ಆದರೂ ಈ ಸೂತ್ರಕಾರರು ಕೇಳಿದ ಮೊದಲ ಪ್ರಶ್ನೆ, ಒಗೆಯುವ ಕೈ ಯಾವುದೆಂಬುದಲ್ಲ, ಕೈಯ ಕೆಳಗಿನ ಹಲಗೆ ಯಾವುದೆಂಬುದು. ನಾನಾದರೋ ಹಲಗೆಯನ್ನು ನೋಡದೆ ದನಿಯೇರಿಸಿದ್ದೆನು.

ಮರುದಿನ ಆ ತರುಣನನ್ನು ಕೇಳಿ ಯಂತ್ರವನ್ನು ನೋಡಿದೆನು. ಮೇಲೆ ಹಬೆಯಿಂದ ಕಾಯುವ ಲೋಹದ ಫಲಕ. ಕೆಳಗೆ ಮೆತ್ತೆಯ ಹಾಸು. ಗುಂಡಿಯ ಮುಖವನ್ನು ಹಾಸಿನ ಕಡೆಗಿಟ್ಟು ಒತ್ತಿದರೆ ಅದು ಮೆತ್ತೆಯಲ್ಲಿ ಹೂತು ಉಳಿಯುತ್ತದೆ. ಹಾಸು ಹಳತಾಗಿ ಚಪ್ಪಟೆಯಾದರೆ ಗುಂಡಿಗೆ ಹೂಳಲು ಎಡೆಯಿಲ್ಲ. ಎರಡು ಗಡಸು ತಲಗಳ ನಡುವೆ ಸಿಕ್ಕ ಅದು ಬಿರಿಯದೆ ಬೇರೇನು ಮಾಡೀತು? ಬೆರಳಿನಿಂದ ಒತ್ತಿ ನೋಡಿದೆನು. ಹಾಸು ಹಲಗೆಯಂತಾಗಿದ್ದಿತು. ಅದನ್ನು ಬದಲಿಸುವ ಅಧಿಕಾರ ತರುಣನದಲ್ಲ. ಬದಲಿಸದೆ ಉಳಿದ ಹಣ ಒಡೆಯನಿಗೆ, ಒಡೆದ ಗುಂಡಿಯ ಹಣ ತರುಣನಿಂದ! ಕೂಲಿಯನ್ನು ಕೊಳ್ಳುವಾಗ ಅಂಗಡಿಯೆಲ್ಲ ಒಂದೇ ಕಾಯಕ, ನಷ್ಟವನ್ನು ಹಂಚುವಾಗ ಮಾತ್ರ ಕೈ ಬೇರೆ ಮೈ ಬೇರೆ ಎಂಬುದು ಯಾವ ಸೀಮೆಯ ನೀತಿ?

ಈ ವಿಚಾರವನ್ನು ಮಿತ್ರರೊಬ್ಬರಲ್ಲಿ ಹೇಳಿದಾಗ ಅವರು, "ಮೂರು ಗುಂಡಿಗೆ ಇಷ್ಟು ಮೀಮಾಂಸೆಯೇ? ಕ್ಷಮಿಸಿ ಮನೆಯಲ್ಲಿಯೇ ಹೊಲಿದುಕೊಂಡಿದ್ದರೆ ಭಕ್ತನಿಗೆ ಒಪ್ಪುತ್ತಿತ್ತು" ಎಂದರು. ಮಾತು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಬಹಳ ಹೊತ್ತು ಅದನ್ನೇ ನೆನೆದೆನು. ನನ್ನ ನಷ್ಟವನ್ನು ಕ್ಷಮಿಸುವ ಹಕ್ಕು ನನಗುಂಟು. ಸವೆದ ಹಾಸನ್ನು ಕ್ಷಮಿಸುವ ಹಕ್ಕು ನನಗಿಲ್ಲ. ಏಕೆಂದರೆ ಅದರ ಮೇಲೆ ನಾಳೆ ಬಿರಿಯುವ ಗುಂಡಿ ಬೇರೊಬ್ಬರದು, ಕಡಿತವಾಗುವ ಪಗಾರ ಆ ತರುಣನದು. ಮೇಲಾಗಿ ನಾನು ಸುಮ್ಮನಿದ್ದಿದ್ದರೆ ಅದು ಕ್ಷಮೆಯಾಗುತ್ತಿದ್ದಿತೇ? ಒಳಗೊಳಗೆ ಕುದಿದು, ನಾಲ್ಕು ಮನೆಗಳಲ್ಲಿ ಆ ಅಂಗಡಿಯ ನಿಂದೆಯನ್ನಾಡಿ, ಹೊರಗೆ ವಿಭೂತಿಯ ಶಾಂತಮುಖವನ್ನು ಧರಿಸುತ್ತಿದ್ದೆನೆಂದೇ ನನ್ನ ಅನುಮಾನ. ನನ್ನ ಸ್ವಭಾವವನ್ನು ನಾನು ಬಲ್ಲೆ.

ದೇವರ ಹಿಪ್ಪರಗಿಯ ಮಾಚಿದೇವರು ಶರಣರ ವಸ್ತ್ರಗಳನ್ನು ಮಡಿಮಾಡಿ ತರುವಾಗ ದಾರಿಯಲ್ಲಿ ಯಾರೂ ಅವನ್ನು ಮುಟ್ಟದಂತೆ ಕಾಯುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಕೈಯಲ್ಲಿರುವ ಬಟ್ಟೆ ತನ್ನದಲ್ಲ, ಆದರೂ ತನ್ನದಕ್ಕಿಂತ ಹೆಚ್ಚಿನ ಜತನ. ಕಾಯಕದ ಶುದ್ಧಿಯೆಂದರೆ ಇದೇ ಎಂದು ನಾವು ಭಾಷಣಗಳಲ್ಲಿ ಕೊಂಡಾಡುತ್ತೇವೆ. ಆದರೆ ಆ ಜತನಕ್ಕೆ ಬೇಕಾದ ಸಾಧನವನ್ನು ಕೊಡದೆ, ಇಸ್ತ್ರಿಯ ಹುಡುಗನಲ್ಲಿ ಮಾಚಿದೇವರ ನಿಷ್ಠೆಯನ್ನು ಹುಡುಕುವುದು ಎಷ್ಟರಮಟ್ಟಿಗೆ ಸರಿ? ಕಾಯಕ ಮಾಡುವವನಲ್ಲಿ ಶುದ್ಧಿಯನ್ನು ಬಯಸುವವನು ಮಾಡಿಸುವವನಲ್ಲಿಯೂ ಅದನ್ನು ಕೇಳಬೇಕು. ಕೇಳುವುದು ಲೋಭವಾಗುವುದು, ಕೇಳಿದುದು ಯಾರ ಬುತ್ತಿಯಿಂದ ಬಂದಿತೆಂದು ನೋಡದೆ ಕೊಂಡಾಗ.

ಆದುದರಿಂದ ಎಂಬತ್ತು ರೂಪಾಯಿಗಳನ್ನು ಒಯ್ದು ಒಡೆಯನ ಮುಂದಿಟ್ಟು, ಇದು ಆ ತರುಣನಿಗೆ ಸೇರಲಿ, ನನಗೆ ಬೇಕಾದುದು ಹೊಸ ಹಾಸು ಎಂದೆನು. ಈ ಸಲ ದನಿಯನ್ನು ತಗ್ಗಿಸಿಯೇ ಹೇಳಿದೆನು. ಅವನು ನನ್ನನ್ನು ವಿಚಿತ್ರ ಪ್ರಾಣಿಯೆಂಬಂತೆ ನೋಡಿ, ಹಣವನ್ನು ತರುಣನನ್ನು ಕರೆದು ಕೊಟ್ಟನು. ಹಾಸಿನ ವಿಷಯಕ್ಕೆ, "ಮುಂದಿನ ತಿಂಗಳು ನೋಡೋಣ ಸ್ವಾಮಿ" ಎಂದನು.

ಇನ್ನು ಗುಂಡಿಗಳ ಮಾತು. ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆಗೆ ಹೋದೆನು. ಗುಂಡಿಯ ವ್ಯಾಪಾರಕ್ಕೆ ತನ್ನದೇ ಮಾನವುಂಟು: 40 ಲೈನಿಗೆ ಒಂದು ಇಂಚು; ಅಂಗಿಯ ಎದೆಯ ಗುಂಡಿ ಸಾಮಾನ್ಯವಾಗಿ 18 ಲೈನು, ಎಂದರೆ ಹನ್ನೊಂದು ಮಿಲಿಮೀಟರಿಗಿಂತ ಕೊಂಚ ಹೆಚ್ಚು. ಚಿಪ್ಪಿನದನ್ನು ಬಿಟ್ಟು ಗಟ್ಟಿಯಾದ ಪಾಲಿಯೆಸ್ಟರಿನ ಗುಂಡಿಗಳನ್ನು ಕೊಂಡೆನು. ಸೊಲ್ಲಾಪುರದ ಸಿದ್ಧರಾಮೇಶ್ವರನ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜ ಹೊರುವ ಭಕ್ತರು ತೊಡುವ ಬಿಳಿಯ ಬಾರಾಬಂದಿಗೆ ಕಟ್ಟುವ ದಾರಗಳೇ ಹೊರತು ಗುಂಡಿಗಳಿಲ್ಲ. ಆ ಅಂಗಿಯಾಗಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲವೆಂದು ರೈಲಿನಲ್ಲಿ ನಗು ಬಂದಿತು.

ಹೊಲಿಯುವಾಗ ಗುಂಡಿಯ ಮೇಲೊಂದು ಬೆಂಕಿಕಡ್ಡಿಯನ್ನಿಟ್ಟು ಅದರ ಮೇಲೆ ದಾರವನ್ನು ಹಾಯಿಸಿ, ಆಮೇಲೆ ಕಡ್ಡಿಯನ್ನೆಳೆದು, ಗುಂಡಿಗೂ ಬಟ್ಟೆಗೂ ನಡುವೆ ಉಳಿದ ಸಡಿಲ ದಾರಕ್ಕೆ ನಾಲ್ಕು ಸುತ್ತು ಸುತ್ತಿ ಗಂಟಿಕ್ಕಬೇಕು. ಆಗ ಗುಂಡಿಗೊಂದು ಕುತ್ತಿಗೆ ಹುಟ್ಟಿ, ಕಾಜಾದ ಬಟ್ಟೆಗೆ ಎಡೆಯಾಗುತ್ತದೆ. ತೀರ ಬಿಗಿದು ಹೊಲಿದರೆ ದಾರವೂ ಕಡಿಯುತ್ತದೆ, ಬಟ್ಟೆಯೂ ಸೀಳುತ್ತದೆ. ಸೂಜಿಕಾಯಕದ ರಾಮಿತಂದೆಗಳ ಹೆಸರನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಸೂಜಿಯ ಕಣ್ಣಿಗೆ ದಾರ ಪೋಣಿಸಲು ಮನೆಯವರನ್ನು ಮೂರು ಬಾರಿ ಕರೆಯಬೇಕಾಯಿತು.

ತಿಂಗಳೆರಡು ಕಳೆದುವು. ಹಾಸು ಇನ್ನೂ ಬದಲಾಗಿಲ್ಲ. ಆ ತರುಣನು ಹಳೆಯ ಟವೆಲೊಂದನ್ನು ನಾಲ್ಕಾಗಿ ಮಡಿಸಿ ಗುಂಡಿಯ ಪಟ್ಟಿಯ ಅಡಿಗಿಟ್ಟು ಒತ್ತುತ್ತಿದ್ದಾನೆ, ಗುಂಡಿಗಳು ಉಳಿಯುತ್ತಿವೆ. ನಾನು ಬಟ್ಟೆ ಕೊಡುವಾಗಲೆಲ್ಲ ಒಡೆಯನನ್ನು ಹಾಸಿನ ಬಗೆಗೆ ಕೇಳುತ್ತೇನೆ. ಮೊನ್ನೆ ನಾನು ಬಾಯಿ ತೆರೆಯುವ ಮೊದಲೇ ಅವನು, "ಹೇಳಿಟ್ಟಿದ್ದೇನೆ ಸ್ವಾಮಿ, ಬರುತ್ತದೆ" ಎಂದನು.